ಕಪ್ಪು ಉಡುಪಿನ ಮೇಲಿನ ಬಿಳಿ ಗೆರೆ

1891ರ ಬೇಸಗೆಯ ಒಂದು ರಾತ್ರಿ. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಒಬ್ಬ ತರುಣನಿಗೆ ಮೈಗಂಟುವ ಕಪ್ಪು ಹೆಣಿಗೆಯ ಉಡುಪು ತೊಡಿಸಿ ನಿಲ್ಲಿಸಿದ್ದರು. ತೊಡೆಗಳಿಗೆ ಎರಡು, ಮೊಣಕಾಲಿನ ಕೆಳಭಾಗಕ್ಕೆ ಎರಡು, ಪಾದಗಳಿಗೆ ಎರಡು, ಮೇಲ್ತೋಳುಗಳಿಗೆ ಎರಡು, ಮುಂಗೈಗಳಿಗೆ ಎರಡು, ತಲೆಗೆ ಒಂದು, ಹೀಗೆ ಒಟ್ಟು 11 ತೆಳ್ಳನೆಯ ಗಾಜಿನ ಕೊಳವೆಗಳನ್ನು ಅವನ ಮೈಗೆ ಪಟ್ಟಿಯಿಂದ ಬಿಗಿದಿದ್ದರು. ಒಳಗೆ ವಿರಳ ಅನಿಲ ತುಂಬಿದ ಇವಕ್ಕೆ ಗೈಸ್ಲರ್ ಕೊಳವೆ ಎಂದು ಹೆಸರು. ವಿದ್ಯುತ್ ಹರಿಸಿದರೆ ನಿಯಾನ್ ದೀಪದ ಹಾಗೆ ಬೆಳಗುತ್ತವೆ. ತರುಣನಿಗೆ ಶಾಕ್ ಹೊಡೆಯದಂತೆ ಕೊಳವೆಗೂ ಮೈಗೂ ನಡುವೆ ರಬ್ಬರ್ ಇಟ್ಟಿದ್ದರು. ಕೋಣೆಯನ್ನು ಪೂರ್ತಿ ಕತ್ತಲು ಮಾಡುವ ಬೇರೆ ದಾರಿ ಇಲ್ಲದ್ದರಿಂದ ರಾತ್ರಿಯಾಗುವವರೆಗೆ ಕಾಯಬೇಕಾಯಿತು.

ಸಜ್ಜಾಗಲು 6ರಿಂದ 8 ಗಂಟೆ ಹಿಡಿಯಿತು. ಆಮೇಲೆ ಅವನು ಕೆಲವೇ ಹೆಜ್ಜೆ ನಡೆದ. ಕೊಳವೆಗಳು ಸೆಕೆಂಡಿಗೆ 26 ಸಲ ಮಿನುಗಿದವು. ಸುತ್ತ ಇಟ್ಟಿದ್ದ 4 ಕ್ಯಾಮೆರಾಗಳ ಮುಚ್ಚಳ ತೆರೆದೇ ಇತ್ತು. ಗಾಜಿನ ಫಲಕಗಳ ಮೇಲೆ ಮನುಷ್ಯ ಮೂಡಲಿಲ್ಲ, ಬೆಳಕಿನ ಗೆರೆಗಳ ಸಾಲು ಮಾತ್ರ ಮೂಡಿತು. ಆ ಕೆಲವು ಹೆಜ್ಜೆಗಳ ಲೆಕ್ಕ ಪೂರ್ತಿ ಮುಗಿದು ಅಚ್ಚಾಗುವ ಹೊತ್ತಿಗೆ 1904 ಬಂದಿತ್ತು. ಪ್ರಯೋಗ ಮಾಡಿದ ಇಬ್ಬರಲ್ಲಿ ಹಿರಿಯರಾದ ಅಂಗರಚನಾ ತಜ್ಞ ವಿಲ್ಹೆಲ್ಮ್ ಬ್ರೌನೆ 1892ರಲ್ಲೇ ತೀರಿಕೊಂಡಿದ್ದರು. ಉಳಿದ ಕೆಲಸವನ್ನು ಗಣಿತಜ್ಞ ಒಟ್ಟೊ ಫಿಶರ್ ಒಬ್ಬರೇ ಹೊತ್ತು ಮುಗಿಸಿದರು.

ಒಬ್ಬ ಮನುಷ್ಯನ ನಾಲ್ಕು ಹೆಜ್ಜೆಗಾಗಿ ಇಷ್ಟೊಂದು ಪಾಡೇಕೆ? ಇಂದು ಮೋಷನ್ ಕ್ಯಾಪ್ಚರ್ ಲ್ಯಾಬಿನಲ್ಲಿ ಮಂಡಿಯ ಕೋನ ಪರದೆಯ ಮೇಲೆ ತಾನಾಗಿ ಮೂಡುವುದನ್ನು ನೋಡಿ ಬೆಳೆಯುವ ವಿದ್ಯಾರ್ಥಿಗೆ ಈ ಪ್ರಶ್ನೆಯನ್ನು ಮೊದಲ ದಿನವೇ ಕೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ದೇಹದ ಚಲನೆಯನ್ನೂ ಬಲವನ್ನೂ ಅಳೆಯುವ ಬಯೋಮೆಕ್ಯಾನಿಕ್ಸ್‌ನ ಪಾಠ ಅಲ್ಲಿಂದ ಶುರುವಾದರೆ ಯಂತ್ರ ಅರ್ಥವಾಗುತ್ತದೆ. ಯಂತ್ರದಿಂದಲೇ ಶುರುವಾದರೆ ಗುಂಡಿ ಒತ್ತುವುದಷ್ಟೇ ಬರುತ್ತದೆ.

ನಡಿಗೆಯನ್ನು ನೋಡದವರಿಲ್ಲ. ಆದರೆ ನಡೆಯುವವನ ಹಿಂದಿನ ಕಾಲು ನೆಲ ಬಿಟ್ಟು ಮುಂದೆ ಬರುವುದಕ್ಕೆ ಅರ್ಧ ಸೆಕೆಂಡೂ ಬೇಡ. ಅಷ್ಟರಲ್ಲಿ ಸೊಂಟ, ಮಂಡಿ, ಪಾದದ ಗಂಟು ಮೂರೂ ಮಡಚಿ ಬಿಚ್ಚಿಕೊಳ್ಳುತ್ತವೆ. ಯಾವುದು ಮೊದಲು, ಯಾವುದು ಎಷ್ಟು ಎಂದು ಬರಿಗಣ್ಣಿಗೆ ಹಿಡಿಯಲಾಗದು. ಇಟಲಿಯ ಜೊವಾನ್ನಿ ಅಲ್ಫೊನ್ಸೊ ಬೊರೆಲ್ಲಿ 17ನೇ ಶತಮಾನದಲ್ಲಿ ಇದಕ್ಕೊಂದು ಸರಳ ಉಪಾಯ ಹೂಡಿದ. ದೂರದಲ್ಲಿ ಎರಡು ಕಂಬಗಳನ್ನು ಒಂದರ ಹಿಂದೆ ಒಂದು ನೆಟ್ಟು, ಎರಡೂ ಒಂದೇ ಗೆರೆಯಲ್ಲಿ ಕಾಣುವಂತೆ ಅವುಗಳತ್ತ ನೇರ ನಡೆಯಲು ನೋಡಿದ. ಹೆಜ್ಜೆ ಹೆಜ್ಜೆಗೂ ಹತ್ತಿರದ ಕಂಬ ಎಡಕ್ಕೆ ಬಲಕ್ಕೆ ಸರಿದಂತೆ ಕಂಡಿತು. ಅಂದರೆ ನಾವು ನೇರ ನಡೆಯುತ್ತೇವೆ ಎಂದುಕೊಂಡರೂ ತಲೆ ಓಲಾಡುತ್ತಲೇ ಇರುತ್ತದೆ. ಇದಕ್ಕೆ ಯಾವ ಉಪಕರಣವೂ ಬೇಕಾಗಲಿಲ್ಲ. ನಮ್ಮ ಯಾವ ಶಾಲೆಯ ಮೈದಾನದಲ್ಲಾದರೂ ಮಾಡಿ ನೋಡಬಹುದು.

ಬೊರೆಲ್ಲಿ ಇನ್ನೂ ಒಂದು ದೊಡ್ಡ ಮಾತು ಹೇಳಿದ. ಸ್ನಾಯುಗಳು ಕೀಲಿಗೆ ತೀರ ಹತ್ತಿರದಲ್ಲಿ ಮೂಳೆಗೆ ಅಂಟಿಕೊಂಡಿರುತ್ತವೆ, ಎತ್ತಬೇಕಾದ ಭಾರ ಮಾತ್ರ ದೂರದಲ್ಲಿ ಇರುತ್ತದೆ. ಆದ್ದರಿಂದ ಸನ್ನೆಯ ಲೆಕ್ಕದಲ್ಲಿ ಸ್ನಾಯು ಭಾರಕ್ಕಿಂತ ಹಲವು ಪಟ್ಟು ಬಲ ಹಾಕಬೇಕು. ಆ ಬಲವೆಲ್ಲ ಕೀಲಿನ ಮೇಲೆ ಬೀಳುತ್ತದೆ. ಪ್ರಾಣಿಗಳ ಚಲನೆಯ ಬಗ್ಗೆ ಅವನು ಬರೆದ ಪುಸ್ತಕ ಅವನು ತೀರಿಕೊಂಡ ಮೇಲೆ, 1680-81ರಲ್ಲಿ ಹೊರಬಂತು. ಮೂರು ಶತಮಾನ ಕಳೆದ ಮೇಲೆ ಬರ್ಲಿನ್‌ನ ಜಾರ್ಜ್ ಬರ್ಗ್‌ಮನ್ ತಂಡ ಕೃತಕ ಸೊಂಟದ ಕೀಲಿನೊಳಗೇ ಸಂವೇದಕ ಇಟ್ಟು ರೋಗಿಗಳನ್ನು ನಡೆಸಿ ಅಳೆಯಿತು. ಸಾಧಾರಣ ನಡಿಗೆಯಲ್ಲೇ ಸೊಂಟದ ಕೀಲಿನ ಮೇಲೆ ಮೈತೂಕದ ಸುಮಾರು ಎರಡೂವರೆ ಪಟ್ಟು ಬಲ ಬೀಳುತ್ತದೆ ಎಂದು ತಿಳಿಯಿತು. ಸೊಂಟ ನೋಯುವ ಅಜ್ಜಿಗೆ ಕೋಲು ಹಿಡಿಯಿರಿ ಎಂದು ವೈದ್ಯರು ಹೇಳುವುದರ ಹಿಂದಿರುವುದು ಈ ಸನ್ನೆಯ ಲೆಕ್ಕವೇ. ನೋವಿಲ್ಲದ ಕಡೆಯ ಕೈಯಲ್ಲಿ ಕೋಲು ಹಿಡಿದರೆ ಸೊಂಟದ ಸ್ನಾಯುವಿನ ಹೊರೆ ಇಳಿಯುತ್ತದೆ, ಕೀಲಿನ ಹೊರೆಯೂ ಇಳಿಯುತ್ತದೆ.

1836ರಲ್ಲಿ ಜರ್ಮನಿಯ ವೆಬರ್ ಸೋದರರು, ಭೌತವಿಜ್ಞಾನಿ ವಿಲ್ಹೆಲ್ಮ್ ಮತ್ತು ಅಂಗರಚನಾ ತಜ್ಞ ಎಡುವಾರ್ಡ್, ನಡಿಗೆಯ ಯಂತ್ರಶಾಸ್ತ್ರದ ಮೇಲೆ ದೊಡ್ಡ ಗ್ರಂಥ ಪ್ರಕಟಿಸಿದರು. ಗಡಿಯಾರ, ಅಳತೆಪಟ್ಟಿ, ದೂರದರ್ಶಕ, ಇಷ್ಟೇ ಅವರ ಬಂಡವಾಳ. ಅವರ ಮುಖ್ಯ ವಾದ ಹೀಗಿತ್ತು: ನೆಲ ಬಿಟ್ಟ ಕಾಲು ಲೋಲಕದ ಹಾಗೆ ತನ್ನ ತೂಕದಿಂದ ತಾನೇ ಮುಂದಕ್ಕೆ ತೂಗಿ ಬರುತ್ತದೆ, ಆ ಹೊತ್ತಿನಲ್ಲಿ ಸ್ನಾಯುವಿಗೆ ಕೆಲಸವಿಲ್ಲ. ಕೇಳಲು ಚೆನ್ನಾಗಿತ್ತು, ಐವತ್ತು ವರ್ಷ ಬಹುಮಂದಿ ನಂಬಿದರು. ಆದರೆ ಹೌದೇ ಅಲ್ಲವೇ ಎಂದು ತೀರ್ಮಾನಿಸಬೇಕಾದರೆ ಕಾಲು ಪ್ರತಿ ಕ್ಷಣ ಎಲ್ಲಿತ್ತು ಎಂಬುದು ಗೊತ್ತಾಗಬೇಕು. ಆ ಅಳತೆ ಯಾರ ಬಳಿಯೂ ಇರಲಿಲ್ಲ. ಲೈಪ್‌ಜಿಗ್‌ನ ರಾತ್ರಿಗೆ ಕಾರಣ ಈ ಪ್ರಶ್ನೆ. ದಾರಿ ತೋರಿದವನು ಮಾತ್ರ ಪ್ಯಾರಿಸ್‌ನ ಒಬ್ಬ ವೈದ್ಯ.

ಎತಿಯೆನ್-ಜೂಲ್ ಮಾರೆ 1830ರಲ್ಲಿ ಬರ್ಗಂಡಿಯ ಬೋನ್ ಎಂಬ ಊರಿನಲ್ಲಿ ಹುಟ್ಟಿದ. ವೈದ್ಯಕೀಯ ಓದಿದರೂ ಅವನ ಮನಸ್ಸಿದ್ದದ್ದು ಯಂತ್ರಗಳಲ್ಲಿ. ನಾಡಿಯ ಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಇಳಿಸುವ ಸಾಧನವನ್ನು 1860ರ ಹೊತ್ತಿಗೆ ಮಾಡಿದ್ದ. ಇಂದ್ರಿಯಗಳು ಮೋಸ ಹೋಗುತ್ತವೆ, ಚಲನೆಯೇ ತನ್ನ ಕತೆಯನ್ನು ತಾನು ಬರೆದುಕೊಳ್ಳಬೇಕು ಎಂಬುದು ಅವನು ಬದುಕಿಡೀ ಹಿಡಿದುಕೊಂಡ ಹಟ. ಶಿಷ್ಯ ಗಾಸ್ತೋ ಕಾರ್ಲೆಯ ಜೊತೆ ಸೇರಿ ನಡಿಗೆಗೆ ಕೈ ಹಾಕಿದಾಗ ಅವನು ಮಾಡಿಸಿದ್ದು ವಿಚಿತ್ರವಾದ ಬೂಟು. ಅಟ್ಟೆಯಲ್ಲಿ ಗಾಳಿ ತುಂಬಿದ ಗೂಡು, ಅಲ್ಲಿಂದ ಹೊರಟ ರಬ್ಬರ್ ನಳಿಕೆ, ನಳಿಕೆಯ ತುದಿಯಲ್ಲಿ ಲೇಖನಿ. ಪಾದ ನೆಲಕ್ಕೆ ಒತ್ತಿದೊಡನೆ ಗಾಳಿ ತಳ್ಳಲ್ಪಟ್ಟು, ಮಸಿ ಹಿಡಿಸಿದ ಕಾಗದ ಸುತ್ತಿದ ಉರುಳೆಯ ಮೇಲೆ ಲೇಖನಿ ಗೆರೆ ಎಳೆಯುತ್ತಿತ್ತು. ಓಡುವವನು ಆ ಉರುಳೆಯನ್ನು ಕೈಯಲ್ಲೇ ಹಿಡಿದು ಓಡಬೇಕು. ಪಾದ ಎಷ್ಟು ಹೊತ್ತು ನೆಲದ ಮೇಲಿತ್ತು, ಎಷ್ಟು ಹೊತ್ತು ಗಾಳಿಯಲ್ಲಿತ್ತು ಎಂಬ ಲೆಕ್ಕ ಸಿಕ್ಕಿದ್ದು ಹೀಗೆ.

ಇದೇ ಉಪಾಯವನ್ನು ಅವನು ಕುದುರೆಯ ಗೊರಸಿಗೂ ಕಟ್ಟಿದ. ಓಡುವ ಕುದುರೆಯ ನಾಲ್ಕೂ ಕಾಲು ಒಂದು ಕ್ಷಣ ನೆಲ ಬಿಟ್ಟಿರುತ್ತವೆ ಎಂದು ಗೆರೆಗಳು ಹೇಳಿದವು. 1873ರಲ್ಲಿ ಬಂದ ಅವನ ಪುಸ್ತಕ ಕ್ಯಾಲಿಫೋರ್ನಿಯಾದ ರೈಲ್ವೆ ಧನಿಕ ಲೆಲಂಡ್ ಸ್ಟಾನ್‌ಫೋರ್ಡ್‌ನ ಕೈಗೂ ಸಿಕ್ಕಿತು. ಮುಂದೆ ಆ ಧನಿಕನ ಹಣದಲ್ಲಿ ಛಾಯಾಗ್ರಾಹಕ ಎಡ್ವರ್ಡ್ ಮೈಬ್ರಿಜ್ 12 ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿ, ಅಡ್ಡಲಾಗಿ ತಂತಿ ಕಟ್ಟಿ, 1878ರ ಜೂನ್‌ನಲ್ಲಿ ಓಡುವ ಕುದುರೆಯ ಚಿತ್ರ ತೆಗೆದ ಸಂಗತಿ ಬಹಳ ಪ್ರಸಿದ್ಧ. ಸ್ಟಾನ್‌ಫೋರ್ಡ್ ಭಾರೀ ಹಣದ ಪಂತ ಕಟ್ಟಿದ್ದ ಎಂಬ ಕತೆಯನ್ನೂ ಜೊತೆಗೆ ಹೇಳುತ್ತಾರೆ. ಅದಕ್ಕೆ ಆಧಾರ ಸಿಕ್ಕಿಲ್ಲ, ನಮ್ಮ ಪಠ್ಯಪುಸ್ತಕಗಳು ಅದನ್ನು ಬಿಡುವುದೇ ಒಳ್ಳೆಯದು.

ಮೈಬ್ರಿಜ್‌ನ ಚಿತ್ರಗಳನ್ನು ಅದೇ ವರ್ಷದ ಕೊನೆಗೆ ಫ್ರೆಂಚ್ ಪತ್ರಿಕೆಯಲ್ಲಿ ಕಂಡ ಮಾರೆಗೆ ಸಂತೋಷಕ್ಕೆ ಪಾರವಿರಲಿಲ್ಲ. ಹಕ್ಕಿಗಳನ್ನೂ ಹೀಗೆ ಹಿಡಿಯಬಹುದಲ್ಲ ಎಂದು ಪತ್ರಿಕೆಗೆ ಬರೆದ. 1882ರಲ್ಲಿ ತಾನೇ ಒಂದು ಬಂದೂಕು ಮಾಡಿದ. ಗುಂಡಿಲ್ಲದ ಬಂದೂಕು ಅದು. ಹಾರುವ ಹಕ್ಕಿಗೆ ಗುರಿಯಿಟ್ಟು ಕುದುರೆ ಎಳೆದರೆ ಸೆಕೆಂಡಿಗೆ 12 ಚಿತ್ರ ತೆಗೆಯುತ್ತಿತ್ತು. ಆದರೂ ಅವನಿಗೆ ಸಮಾಧಾನವಾಗಲಿಲ್ಲ. ಮೈಬ್ರಿಜ್‌ನ ಸಾಲು ಕ್ಯಾಮೆರಾಗಳಲ್ಲಿ ಒಂದೊಂದು ಚಿತ್ರವೂ ಬೇರೆ ಬೇರೆ ಜಾಗದಿಂದ ತೆಗೆದದ್ದು. ಒಂದರಿಂದ ಇನ್ನೊಂದಕ್ಕೆ ಎಷ್ಟು ಸಮಯ ಎಂಬುದೂ ಕುದುರೆ ತಂತಿ ಮುಟ್ಟುವುದನ್ನೇ ಅವಲಂಬಿಸಿತ್ತು. ನೋಡಲು ಅದ್ಭುತ, ಅಳೆಯಲು ಕಷ್ಟ. ಮಾರೆಗೆ ಬೇಕಾಗಿದ್ದು ಒಂದೇ ಕಡೆ ನಿಂತ ಕಣ್ಣು, ಸಮನಾದ ಕಾಲದ ಅಂತರ, ಎಲ್ಲ ಭಂಗಿಗಳೂ ಒಂದೇ ಗಾಜಿನ ಫಲಕದ ಮೇಲೆ.

ಅದಕ್ಕಾಗಿ ಪ್ಯಾರಿಸ್‌ನ ಅಂಚಿನಲ್ಲಿ, ಬ್ವಾ ದ ಬುಲೋನ್ ವನದ ಪಕ್ಕ ನಗರಸಭೆ ಕೊಟ್ಟ ಜಾಗದಲ್ಲಿ ಒಂದು ಶರೀರಕ್ರಿಯಾ ಕೇಂದ್ರ ಎದ್ದಿತು. 500 ಮೀಟರ್ ಸುತ್ತಳತೆಯ ಓಟದ ದಾರಿ, ಒಳಗೆಲ್ಲ ಕಪ್ಪು ಬಳಿದ ಆಳವಾದ ಚಪ್ಪರ. ಸಹಾಯಕ ಜಾರ್ಜ್ ಡೆಮೆನಿ ದಿನನಿತ್ಯದ ಕೆಲಸ ನೋಡಿಕೊಳ್ಳುತ್ತಿದ್ದ. ಬಿಳಿ ಬಟ್ಟೆ ತೊಟ್ಟ ಆಳು ಕಪ್ಪು ಚಪ್ಪರದ ಮುಂದೆ ನಡೆದು ಹೋಗುತ್ತಾನೆ. ಕ್ಯಾಮೆರಾದ ಮುಂದೆ ಸೀಳುಗಳಿರುವ ತಟ್ಟೆಯೊಂದು ಒಂದೇ ವೇಗದಲ್ಲಿ ತಿರುಗುತ್ತದೆ. ಸೀಳು ಬಂದಾಗಲೆಲ್ಲ ಒಂದು ಭಂಗಿ ಅಚ್ಚಾಗುತ್ತದೆ.

ತೊಡಕು ಶುರುವಾದದ್ದು ಇಲ್ಲಿ. ಚಲನೆಯ ವಿವರ ಹೆಚ್ಚು ಬೇಕೆಂದು ಸೀಳುಗಳನ್ನು ಹೆಚ್ಚಿಸಿದರೆ ಒಂದು ಭಂಗಿ ಇನ್ನೊಂದರ ಮೇಲೆ ಬಿದ್ದು ಫಲಕವೆಲ್ಲ ಬಿಳಿ ಮಸುಕು. ನಿಧಾನ ನಡಿಗೆಯಲ್ಲಂತೂ ಹೊಟ್ಟೆ, ಬೆನ್ನು, ಕಾಲು ಎಲ್ಲ ಕಲಸಿ ಒಂದಾಗುತ್ತಿತ್ತು. ಬೇರೆಯವರಾಗಿದ್ದರೆ ಇನ್ನೂ ಉತ್ತಮ ಲೆನ್ಸ್ ಹುಡುಕುತ್ತಿದ್ದರೇನೋ. ಮಾರೆ ತಿರುಗಿ ಯೋಚಿಸಿದ. ನನಗೆ ಈ ಮನುಷ್ಯನ ಹೊಟ್ಟೆ ಬೇಕೇ? ಮುಖ ಬೇಕೇ? ತೊಡೆಯ ದಪ್ಪ ಬೇಕೇ? ಯಾವುದೂ ಬೇಡ, ಮೂಳೆ ಎತ್ತ ವಾಲಿದೆ ಎಂಬುದೊಂದು ಸಾಕು. 1883ರ ಹೊತ್ತಿಗೆ ಅವನು ಬಣ್ಣ ತಿರುಗಿಸಿದ. ಆಳಿಗೆ ಅಡಿಯಿಂದ ಮುಡಿಯವರೆಗೆ ಕಪ್ಪು ಉಡುಪು ತೊಡಿಸಿ, ತೋಳು ಕಾಲುಗಳ ಉದ್ದಕ್ಕೆ ಹೊಳೆಯುವ ಬಿಳಿ ಪಟ್ಟಿ ಹೊಲಿಸಿದ, ಕೀಲುಗಳ ಮೇಲೆ ಹೊಳೆಯುವ ಗುಂಡಿ ಇಡಿಸಿದ. ಕಪ್ಪು ಚಪ್ಪರದ ಮುಂದೆ ಕಪ್ಪು ಮನುಷ್ಯ ಮಾಯವಾದ. ಪಟ್ಟಿಗಳು ಮಾತ್ರ ಉಳಿದವು. ಫಲಕದ ಮೇಲೆ ಗೆರೆಯ ಪಕ್ಕ ಗೆರೆ, ಹತ್ತಾರು ಗೆರೆ, ಒಂದಕ್ಕೊಂದು ತಾಗದೆ ಬೀಸಣಿಗೆಯಂತೆ ಬಿಚ್ಚಿಕೊಂಡವು. ಸ್ಕೇಲು, ಕೋನಮಾಪಕ ಇಟ್ಟು ಅಳೆದುಕೊಳ್ಳಬಹುದು.

ಇಡೀ ಕತೆಯ ತಿರುವು ಈ ಉಡುಪು ಎಂದು ನಾನು ನಂಬುತ್ತೇನೆ. ಹೊಸದನ್ನು ಸೇರಿಸಿ ಅಲ್ಲ, ಬೇಡದ್ದನ್ನು ಕಳೆದು ಅಳತೆ ಹುಟ್ಟಿತು. ಇಂದು ಕ್ರೀಡಾಪಟುವಿನ ಮೈಗೆ ಅಂಟಿಸುವ ಬೂದು ಚುಕ್ಕೆಗಳು, ಸಿನಿಮಾದಲ್ಲಿ ನಟರ ಚಲನೆಯನ್ನು ಗ್ರಾಫಿಕ್ಸ್ ಪಾತ್ರಕ್ಕೆ ಇಳಿಸುವಾಗ ತೊಡುವ ಚುಕ್ಕೆಯುಡುಪು, ಎಲ್ಲವೂ ಮಾರೆಯ ಆ ಉಡುಪಿನ ಸಂತಾನ. ಜೊತೆಗೆ ಅವನೂ ಡೆಮೆನಿಯೂ ನೆಲಕ್ಕೆ ಒಂದು ಬಲಮಾಪಕ ಹಲಗೆಯನ್ನೂ ಕೂರಿಸಿ, ಗೆರೆಗಳ ಜೊತೆಗೇ ಪಾದದ ಒತ್ತಡವನ್ನೂ ದಾಖಲಿಸಿದರು. ಕ್ಯಾಮೆರಾ ಮತ್ತು ಫೋರ್ಸ್ ಪ್ಲೇಟ್ ಎರಡೂ ಒಟ್ಟಿಗೆ ಇರುವ ಇಂದಿನ ನಡಿಗೆ ಅಳೆಯುವ ಲ್ಯಾಬಿನ ನಕ್ಷೆ ಅಲ್ಲೇ ಸಿದ್ಧವಾಗಿತ್ತು.

ಬ್ರೌನೆ ಮತ್ತು ಫಿಶರ್ ಮಾರೆಯ ಬಿಳಿ ಪಟ್ಟಿಗೆ ಬದಲು ಉರಿಯುವ ಕೊಳವೆ ಕಟ್ಟಿದರು. ಒಂದು ಕ್ಯಾಮೆರಾದ ಬದಲು ನಾಲ್ಕು ಇಟ್ಟರು. ಒಂದೇ ಬಿಂದುವನ್ನು ಎರಡು ಕಡೆಯಿಂದ ನೋಡಿದರೆ ಅದು ಎಷ್ಟು ಎತ್ತರದಲ್ಲಿ, ಎಷ್ಟು ಮುಂದೆ, ಎಷ್ಟು ಪಕ್ಕಕ್ಕೆ ಇದೆ ಎಂದು ರೇಖಾಗಣಿತ ಹೇಳುತ್ತದೆ. ಮನುಷ್ಯನ ನಡಿಗೆಗೆ ಮೂರು ಆಯಾಮದ ಅಳತೆ ಬಂದದ್ದು ಅಂದೇ. ಅಳತೆಯ ನಂತರ ಬಲದ ಲೆಕ್ಕ. ಬಲ ಬೇಕಾದರೆ ಕಾಲಿನ ಪ್ರತಿ ತುಂಡಿನ ತೂಕ, ಗುರುತ್ವ ಕೇಂದ್ರ ಗೊತ್ತಿರಬೇಕು. ಅದಕ್ಕೆಂದೇ ಅವರು ಮೊದಲು ಹೆಪ್ಪುಗಟ್ಟಿಸಿದ ಶವಗಳನ್ನು ತುಂಡು ಮಾಡಿ ತೂಗಿ ನೋಡಿದ್ದರು, 1889ರಲ್ಲಿ ಆ ಅಂಕಿಗಳನ್ನು ಪ್ರಕಟಿಸಿದ್ದರು.

ಲೆಕ್ಕ ಇಷ್ಟು ವರ್ಷ ಹಿಡಿಯಲು ಕಾರಣವಿದೆ. ಇದನ್ನು ತರಗತಿಯಲ್ಲಿ ಒಮ್ಮೆ ಬಿಡಿಸಿ ತೋರಿಸಿದರೆ ವಿದ್ಯಾರ್ಥಿ ಮರೆಯುವುದಿಲ್ಲ. ಬಿಂದುವಿನ ಜಾಗ ಗೊತ್ತು. ಜಾಗದ ವ್ಯತ್ಯಾಸವನ್ನು ಕಾಲದಿಂದ ಭಾಗಿಸಿದರೆ ವೇಗ. ವೇಗದ ವ್ಯತ್ಯಾಸವನ್ನು ಮತ್ತೆ ಕಾಲದಿಂದ ಭಾಗಿಸಿದರೆ ವೇಗೋತ್ಕರ್ಷ. ವೇಗೋತ್ಕರ್ಷ ಸಿಕ್ಕರೆ ನ್ಯೂಟನ್‌ನ ನಿಯಮದಿಂದ ಬಲ. ಈಗ ಸೆಕೆಂಡಿಗೆ 50 ಚಿತ್ರ ತೆಗೆದೆವು ಎಂದುಕೊಳ್ಳಿ. ನಡುವಿನ ಒಂದು ಚಿತ್ರದಲ್ಲಿ ಮಂಡಿಯ ಚುಕ್ಕೆಯನ್ನು ಗುರುತಿಸುವಾಗ ಕೇವಲ 1 ಮಿಲಿಮೀಟರ್ ತಪ್ಪಿತು. ಎರಡು ಸಲ ಭಾಗಿಸಿದ ಮೇಲೆ ಆ ತಪ್ಪು 5 ಮೀಟರ್ ಪ್ರತಿ ಸೆಕೆಂಡ್ ವರ್ಗದಷ್ಟು ಸುಳ್ಳು ವೇಗೋತ್ಕರ್ಷವಾಗುತ್ತದೆ. ಭೂಮಿಯ ಗುರುತ್ವದ ಅರ್ಧ! ಸೆಕೆಂಡಿಗೆ 100 ಚಿತ್ರದ ಒಳ್ಳೆಯ ಕ್ಯಾಮೆರಾ ತಂದರೆ ತಪ್ಪು ಕಡಿಮೆಯಾದೀತೇ? ಅದೇ 1 ಮಿಲಿಮೀಟರ್ ಈಗ 20 ಆಗುತ್ತದೆ, ಗುರುತ್ವದ ಎರಡು ಪಟ್ಟು. ಕ್ಯಾಮೆರಾ ವೇಗವಾದಷ್ಟೂ ಸಣ್ಣ ತಪ್ಪಿನ ಬೆಲೆ ಏರುತ್ತದೆ. ಇಂದಿನ ಸಾಫ್ಟ್‌ವೇರಿನಲ್ಲಿ ಇಂಥ ತಪ್ಪುಗಳನ್ನು ಸೋಸುವ ಫಿಲ್ಟರ್ ಎಂಬ ಒಂದು ಆಯ್ಕೆ ಇರುವುದು ಇದಕ್ಕೇ. ಅಲ್ಲಿ ಯಾವ ಅಂಕಿ ಹಾಕಬೇಕೆಂದು ತಿಳಿಯದೆ ಮೊದಲೇ ಇದ್ದದ್ದನ್ನು ಹಾಗೆಯೇ ಬಿಟ್ಟು ಮುಂದೆ ಹೋಗುವವರು ಬಹಳ. ಫಿಶರ್‌ಗೆ ಆ ಗುಂಡಿ ಇರಲಿಲ್ಲ. ಪ್ರತಿ ಬಿಂದುವನ್ನೂ ಸೂಕ್ಷ್ಮದರ್ಶಕ ಜೋಡಿಸಿದ ಅಳತೆಯಂತ್ರದಲ್ಲಿ ನೋಡಿ, ಕೈಯಲ್ಲೇ ಲೆಕ್ಕ ಹಾಕಿದರು.

ಫಲಿತಾಂಶ ವೆಬರ್ ಸೋದರರಿಗೆ ವಿರುದ್ಧವಾಗಿ ಬಂತು. ತೂಗಿ ಬರುವ ಕಾಲಿನ ಚಲನೆಗೆ ಗುರುತ್ವವೊಂದೇ ಸಾಲದು, ಸ್ನಾಯುಗಳೂ ದುಡಿಯುತ್ತವೆ. ವಿಷಯ ಅಲ್ಲಿಗೇ ಮುಗಿಯಲಿಲ್ಲ ಎಂಬುದನ್ನೂ ಹೇಳಬೇಕು. 1990ರಲ್ಲಿ ಕೆನಡಾದ ಟ್ಯಾಡ್ ಮೆಗೀರ್ ಮೋಟಾರೂ ಇಲ್ಲದ, ಕಂಪ್ಯೂಟರೂ ಇಲ್ಲದ ಎರಡು ಕಾಲಿನ ಯಂತ್ರವೊಂದನ್ನು ಸ್ವಲ್ಪ ಇಳಿಜಾರಿನ ಮೇಲೆ ಬಿಟ್ಟು ನಡೆಸಿ ತೋರಿಸಿದರು. ಕಾಲು ತನ್ನಷ್ಟಕ್ಕೆ ತೂಗಿ ನಡೆಯುವುದು ಸಾಧ್ಯ. ನಮ್ಮ ಸ್ನಾಯುಗಳೂ ತೂಗಾಟದ ಆರಂಭದಲ್ಲಿ, ಕೊನೆಯಲ್ಲಿ ಹೆಚ್ಚು ದುಡಿದು ನಡುವೆ ತುಸು ವಿರಮಿಸುತ್ತವೆ. ವೆಬರ್ ಸೋದರರು ಪೂರ್ತಿ ಸುಳ್ಳಾಡಿರಲಿಲ್ಲ.

ಮಾಸ್ಕೋದಲ್ಲಿ 1922ರಿಂದ ಶರೀರಕ್ರಿಯಾ ವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೀನ್ ಕಾರ್ಮಿಕ ಸಂಸ್ಥೆಯೊಂದರಲ್ಲಿ ಸುತ್ತಿಗೆ ಬೀಸುವ ಕೆಲಸಗಾರರ ಕೀಲುಗಳಿಗೆ ಪುಟ್ಟ ಬಲ್ಬು ಕಟ್ಟಿ ಇದೇ ವಿದ್ಯೆಯನ್ನು ಮುಂದುವರಿಸಿದ. ನುರಿತ ಕೆಲಸಗಾರ ಪ್ರತಿ ಸಲ ಒಂದೇ ರೀತಿ ಕೈ ಬೀಸುತ್ತಾನೆ, ಆ ಒಂದು ಸರಿಯಾದ ರೀತಿಯನ್ನು ಹಿಡಿದು ಎಲ್ಲರಿಗೂ ಕಲಿಸಿದರಾಯಿತು ಎಂಬುದು ಆ ಕಾಲದ ನಂಬಿಕೆ. ಬರ್ನ್‌ಸ್ಟೀನ್ ಕಂಡದ್ದೇ ಬೇರೆ. ಸುತ್ತಿಗೆಯ ತುದಿ ಬೀಳುವ ಜಾಗ ಹೆಚ್ಚು ಬದಲಾಗುವುದಿಲ್ಲ, ಆದರೆ ಭುಜ, ಮೊಣಕೈ, ಮಣಿಕಟ್ಟು ಪ್ರತಿ ಪೆಟ್ಟಿಗೂ ಬೇರೆ ಹಾದಿ ಹಿಡಿಯುತ್ತವೆ. ಒಂದು ಕೀಲು ತಪ್ಪಿದ್ದನ್ನು ಇನ್ನೊಂದು ತಿದ್ದುತ್ತದೆ. ಕಲಿಯುವವನು ಪ್ರತಿ ಸಲವೂ ಅದೇ ಸಮಸ್ಯೆಯನ್ನು ಹೊಸದಾಗಿ ಬಿಡಿಸುತ್ತಾನೆ. ನಮ್ಮಲ್ಲಿ ಮಕ್ಕಳಿಗೆ ಯೋಗ, ಈಜು, ಬ್ಯಾಟಿಂಗ್ ಕಲಿಸುವವರು ಒಂದೇ ಭಂಗಿಯನ್ನು ಎಲ್ಲ ಮೈಗಳ ಮೇಲೂ ಹೇರುವ ಮೊದಲು ಈ ಮಾತನ್ನು ನೆನೆಯಬೇಕು.

ಯುದ್ಧಗಳು ಈ ವಿದ್ಯೆಯನ್ನು ಆಸ್ಪತ್ರೆಗೆ ತಂದವು. ಮೊದಲ ಮಹಾಯುದ್ಧದಲ್ಲಿ ಕಾಲು ಕಳೆದುಕೊಂಡವರಿಗಾಗಿ ಫ್ರಾನ್ಸಿನ ಜೂಲ್ ಅಮಾರ್ ಪಾದದ ಬಲವನ್ನು ಮೂರು ದಿಕ್ಕಿನಲ್ಲಿ ಅಳೆಯುವ ಹಲಗೆ ಮಾಡಿದ. ಎರಡನೆಯದು ಮುಗಿದಾಗ ಅಮೆರಿಕದಲ್ಲಿ ಸಾವಿರಾರು ಸೈನಿಕರು ಕೃತಕ ಕಾಲಿಗಾಗಿ ಕಾದಿದ್ದರು. ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಹೊವರ್ಡ್ ಎಬರ್‌ಹಾರ್ಟ್ 1944ರಲ್ಲಿ ವಿಮಾನದ ಓಡುದಾರಿಯ ಪರೀಕ್ಷೆಯೊಂದರಲ್ಲಿ ತಮ್ಮ ಕಾಲನ್ನೇ ಕಳೆದುಕೊಂಡವರು. ಸೇತುವೆ, ರಸ್ತೆಗಳ ಲೆಕ್ಕ ಹಾಕುತ್ತಿದ್ದವರು ಮೂಳೆ ವೈದ್ಯ ವರ್ನ್ ಇನ್‌ಮನ್ ಅವರ ಜೊತೆ ಸೇರಿ ಕಾಲಿನ ಲೆಕ್ಕಕ್ಕೆ ಇಳಿದರು.

ಅವರಿಗೆ ಎದುರಾದದ್ದು ಮಾರೆಯ ಬಿಳಿ ಪಟ್ಟಿ ಮುಚ್ಚಿಟ್ಟಿದ್ದ ತೊಡಕು. ಚುಕ್ಕೆ ಇರುವುದು ಚರ್ಮದ ಮೇಲೆ, ನಮಗೆ ಬೇಕಾದದ್ದು ಮೂಳೆ. ಓದುಗರು ಈಗಲೇ ಪರೀಕ್ಷಿಸಿ ನೋಡಬಹುದು. ಕಾಲು ನೀಟಾಗಿ ಚಾಚಿ ಕುಳಿತು, ಮಂಡಿಯ ಹೊರ ಬದಿಯಲ್ಲಿ ಕೈಗೆ ಸಿಗುವ ಮೂಳೆಯ ಉಬ್ಬಿನ ಮೇಲೆ ಪೆನ್ನಿನಿಂದ ಒಂದು ಚುಕ್ಕೆ ಇಡಿ. ಬೆರಳನ್ನು ಆ ಉಬ್ಬಿನ ಮೇಲೇ ಒತ್ತಿ ಹಿಡಿದು ನಿಧಾನಕ್ಕೆ ಮಂಡಿ ಮಡಚಿ. ಬೆರಳಡಿಯ ಮೂಳೆ ಒಂದು ಕಡೆ, ಚುಕ್ಕೆ ಇನ್ನೊಂದು ಕಡೆ. ತೊಡೆಯ ದಪ್ಪ ಮಾಂಸದ ಮೇಲೆ ಈ ಜಾರುವಿಕೆ ಒಂದೆರಡು ಸೆಂಟಿಮೀಟರ್ ಮುಟ್ಟಬಹುದು. ಮೇಲೆ 1 ಮಿಲಿಮೀಟರ್ ತಪ್ಪಿನ ಲೆಕ್ಕ ನೋಡಿದ್ದೇವೆ, ಇದು ಅದರ ಎಷ್ಟು ಪಟ್ಟು ನೋಡಿ.

ಬರ್ಕ್‌ಲಿ ತಂಡ ಇದಕ್ಕೆ ಹುಡುಕಿದ ಉತ್ತರ ಕಠೋರವಾಗಿತ್ತು. ಸ್ವಇಚ್ಛೆಯಿಂದ ಮುಂದೆ ಬಂದ ತರುಣರ ಸೊಂಟದ ಮೂಳೆಗೆ, ತೊಡೆಮೂಳೆಗೆ, ಮೊಣಕಾಲಿನ ಕೆಳಗಿನ ಮೂಳೆಗೆ ಉಕ್ಕಿನ ಸಣ್ಣ ಮೊಳೆಗಳನ್ನು ತಿರುಚಿ ಕೂರಿಸಿದರು. ಮೊಳೆಯ ತುದಿಯ ಗುರುತುಗಳನ್ನು ಹೊತ್ತೇ ಆ ತರುಣರು ಕ್ಯಾಮೆರಾ ಮುಂದೆ ನಡೆದರು. ಪ್ರತಿ ಹೆಜ್ಜೆಯಲ್ಲೂ ಕಾಲು ತನ್ನ ಉದ್ದದ ಸುತ್ತ ತಿರುಗುತ್ತದೆ, ಸೊಂಟಕ್ಕಿಂತ ತೊಡೆ ಹೆಚ್ಚು, ತೊಡೆಗಿಂತ ಕೆಳಗಾಲು ಹೆಚ್ಚು ತಿರುಗುತ್ತದೆ ಎಂದು 1948ರಲ್ಲಿ ಪ್ರಕಟಿಸಿದರು. ಕೃತಕ ಕಾಲಿನ ಬಟ್ಟಲಿನಲ್ಲಿ ಉಳಿದ ಮೊಂಡುಗಾಲಿನ ಚರ್ಮ ಏಕೆ ಉಜ್ಜಿ ಹುಣ್ಣಾಗುತ್ತಿತ್ತು ಎಂಬುದನ್ನು ಅರಿಯಲು ಈ ತಿರುಚುವಿಕೆ ತಿಳಿದಿರಲೇಬೇಕಿತ್ತು. ಆ ತರುಣರ ಋಣ ಈ ಶಾಸ್ತ್ರದ ಮೇಲೆ ದೊಡ್ಡದು.

ಮುಂದಿನದನ್ನು ಬೇಗ ಹೇಳಬಹುದು. 1970ರ ದಶಕದಲ್ಲಿ ಗ್ಲಾಸ್ಗೋದ ಸ್ಟ್ರಾಥ್‌ಕ್ಲೈಡ್ ವಿಶ್ವವಿದ್ಯಾಲಯದಲ್ಲಿ ಟೆಲಿವಿಷನ್ ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸಿ, ಹೊಳೆಯುವ ಚುಕ್ಕೆಗಳನ್ನು ಯಂತ್ರವೇ ಗುರುತಿಸುವಂತೆ ಮಾಡಿದರು. ಇಂದು ಹಲವು ಲ್ಯಾಬುಗಳಲ್ಲಿರುವ ವೈಕಾನ್ ವ್ಯವಸ್ಥೆಯ ಬೇರು ಅಲ್ಲಿದೆ. ಫಿಶರ್‌ನ ವರ್ಷಗಳ ಲೆಕ್ಕ ಮೊದಲು ದಿನಗಳಿಗೆ, ಆಮೇಲೆ ನಿಮಿಷಗಳಿಗೆ ಇಳಿಯಿತು.

ಅದರ ಫಲ ಕಂಡದ್ದು ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ಹಾನಿಯಿಂದ ಚಲನೆ ಕುಂಠಿತವಾಗುವ ತೊಂದರೆ, ಇರುವ ಮಕ್ಕಳಲ್ಲಿ. ಹಿಂದೆ ಇಂಥ ಮಗುವಿಗೆ ಒಂದು ವರ್ಷ ಹಿಮ್ಮಡಿಯ ಸ್ನಾಯುರಜ್ಜು ಉದ್ದ ಮಾಡುವ ಆಪರೇಷನ್, ಅದರಿಂದ ಮಂಡಿ ಮಡಚಿಕೊಂಡರೆ ಮುಂದಿನ ವರ್ಷ ಮಂಡಿಯದು, ಅದರ ಮುಂದಿನ ವರ್ಷ ಸೊಂಟದ್ದು. ಕೆನಡಾದ ಮೂಳೆ ವೈದ್ಯ ಮರ್ಸರ್ ರ‍್ಯಾಂಗ್ ಇದನ್ನು ಹುಟ್ಟುಹಬ್ಬದ ಕಾಯಿಲೆ ಎಂದೇ ಕರೆದರು. ಮಗುವಿನ ಒಂದೊಂದು ಹುಟ್ಟುಹಬ್ಬವೂ ಆಸ್ಪತ್ರೆಯಲ್ಲೇ ಕಳೆಯುತ್ತಿತ್ತು. ನಡಿಗೆಯನ್ನು ಮೊದಲೇ ಅಳೆದು ಸೊಂಟ, ಮಂಡಿ, ಪಾದದ ಗಂಟು ಮೂರನ್ನೂ ಒಟ್ಟಿಗೆ ನೋಡತೊಡಗಿದ ಮೇಲೆ ಬೇಕಾದ ತಿದ್ದುಪಡಿಗಳನ್ನೆಲ್ಲ ಒಂದೇ ಸಲಕ್ಕೆ ಮಾಡುವ ಪದ್ಧತಿ ಬೆಳೆಯಿತು. ಲ್ಯಾಬಿನ ಅಂಕಿಗಳು ಮಗುವಿನ ಬಾಲ್ಯದ ವರ್ಷಗಳನ್ನು ಉಳಿಸಿಕೊಟ್ಟವು.

ನಮ್ಮ ಓದುಗರಿಗೆ ಇನ್ನೂ ಹತ್ತಿರದ್ದು ಕ್ರಿಕೆಟ್. 1995ರ ಬಾಕ್ಸಿಂಗ್ ಡೇ ಟೆಸ್ಟಿನಲ್ಲಿ ಶ್ರೀಲಂಕಾದ ಸ್ಪಿನ್ನರ್ ಮುತ್ತಯ್ಯ ಮುರಳೀಧರನ್ ಅವರ ಎಸೆತಗಳನ್ನು ಅಂಪೈರ್ ಡ್ಯಾರೆಲ್ ಹೇರ್ ನೋಬಾಲ್ ಎಂದಾಗ ಜಗತ್ತೆಲ್ಲ ಜಗಳ. ಮುರಳಿಯ ಮೊಣಕೈ ಹುಟ್ಟಿನಿಂದಲೇ ಪೂರ್ತಿ ನೇರವಾಗದು. ಬರಿಗಣ್ಣಿಗೆ ಮಡಚಿದ ಕೈ ಕಾಣುತ್ತದೆ, ಆದರೆ ನಿಯಮ ಕೇಳುವುದು ಕೈ ಮಡಚಿದೆಯೇ ಎಂದಲ್ಲ, ಎಸೆಯುವಾಗ ಎಷ್ಟು ನೇರವಾಗುತ್ತದೆ ಎಂದು. ಪರ್ತ್‌ನ ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಚುಕ್ಕೆ ಅಂಟಿಸಿ ಅಳೆದರು. ಮುಂದೆ ಬೇರೆ ಬೌಲರುಗಳನ್ನೂ ಅಳೆದಾಗ, ಯಾರೂ ಆಕ್ಷೇಪಿಸದ ಬೌಲರುಗಳ ಮೊಣಕೈಯೂ ಕೆಲವು ಡಿಗ್ರಿ ನೇರವಾಗುತ್ತದೆ ಎಂದು ಗೊತ್ತಾಯಿತು. ವೇಗಿಗೆ 10 ಡಿಗ್ರಿ, ಸ್ಪಿನ್ನರಿಗೆ 5 ಡಿಗ್ರಿ ಎಂದಿದ್ದ ಹಳೆಯ ಮಿತಿ ಹೋಗಿ 2005ರಿಂದ ಎಲ್ಲರಿಗೂ 15 ಡಿಗ್ರಿ ಬಂತು. ಆಮೇಲೆ ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆಯ ಕೇಂದ್ರಕ್ಕೂ ಐಸಿಸಿಯ ಮಾನ್ಯತೆ ಸಿಕ್ಕಿತು. ಒಬ್ಬ ಆಟಗಾರನ ಅನ್ನ, ಮರ್ಯಾದೆ ಎರಡೂ ಚರ್ಮದ ಮೇಲಿನ ಚುಕ್ಕೆಯನ್ನು ನಂಬಿ ನಿಂತಿವೆ ಎಂದಾಗ, ಆ ಚುಕ್ಕೆ ಎಷ್ಟು ಜಾರುತ್ತದೆ ಎಂದು ಕೇಳಬಲ್ಲವರು ನಮ್ಮಲ್ಲಿ ಇನ್ನೂ ಹೆಚ್ಚು ಜನ ಬೇಕು.

ಹಾಗೆ ಕೇಳುವ ಶಕ್ತಿ ಹೇಗೆ ಬರುತ್ತದೆ? ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಡೇವಿಡ್ ವಿಂಟರ್ ಒಂದು ದಾರಿ ತೋರಿದ್ದಾರೆ. ತಮ್ಮ ಪಠ್ಯಪುಸ್ತಕದ ಕೊನೆಗೆ ಅವರು ಒಂದೇ ಒಂದು ನಡಿಗೆಯ ಪೂರ್ತಿ ಅಂಕಿಗಳನ್ನು ಅಚ್ಚು ಹಾಕಿಸಿದರು. 56.7 ಕಿಲೋ ತೂಕದ ಒಬ್ಬ ವ್ಯಕ್ತಿಯ ಕೀಲುಗಳು ಪ್ರತಿ ಚಿತ್ರದಲ್ಲೂ ಎಲ್ಲಿದ್ದವು, ನೆಲ ಎಷ್ಟು ಬಲ ಕೊಟ್ಟಿತು, ಎಲ್ಲ ಪುಟಗಟ್ಟಲೆ ಪಟ್ಟಿಯಾಗಿ. ಲಕ್ಷಾಂತರ ರೂಪಾಯಿಯ ಲ್ಯಾಬ್ ಇಲ್ಲದ ಕಾಲೇಜಿನ ಹುಡುಗಿಯೂ ಪೆನ್ಸಿಲ್ ಹಿಡಿದು ಮಂಡಿಯ ಬಲವನ್ನು ತಾನೇ ಲೆಕ್ಕ ಹಾಕಬಹುದು, ಬಂದ ಉತ್ತರವನ್ನು ಪುಸ್ತಕದ ಉತ್ತರದೊಡನೆ ಹೋಲಿಸಬಹುದು. ಈ ಶಾಸ್ತ್ರದಲ್ಲಿ ಯಾರಾದರೂ ವಿದ್ಯಾರ್ಥಿಗಳಿಗೆ ಕೊಟ್ಟ ಅತ್ಯಂತ ಉದಾರ ಕಾಣಿಕೆ ಅದೇ ಎನ್ನುತ್ತೇನೆ. ಸ್ಟಾನ್‌ಫೋರ್ಡ್ ವಿಶ್ವವಿದ್ಯಾಲಯದವರು 2007ರಲ್ಲಿ ದೇಹದ ಚಲನೆಯ ಲೆಕ್ಕ ಹಾಕುವ ಓಪನ್‌ಸಿಮ್ ಎಂಬ ತಂತ್ರಾಂಶವನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟದ್ದು ಅದೇ ಸಾಲಿನಲ್ಲಿ ನಿಲ್ಲುತ್ತದೆ. ಈಗ ಚುಕ್ಕೆಯೇ ಇಲ್ಲದೆ, ಮೊಬೈಲ್ ವಿಡಿಯೊ ನೋಡಿ ಕೀಲುಗಳನ್ನು ಊಹಿಸುವ ವ್ಯವಸ್ಥೆಗಳೂ ಬಂದಿವೆ. ಅವು ಕೊಡುವ ಕೋನ ಎಷ್ಟು ಚೆಂದವಾಗಿ ಮೂಡುತ್ತದೆಂದರೆ, ಅದು ಊಹೆ ಎಂಬುದೇ ಮರೆತುಹೋಗುವಷ್ಟು. ಆದ್ದರಿಂದಲೇ ಹಳೆಯ ಕತೆ ಇಂದು ಹೆಚ್ಚು ಬೇಕು.

ನಮ್ಮ ಫಿಸಿಯೋಥೆರಪಿ ಕಾಲೇಜುಗಳಲ್ಲಿ, ದೈಹಿಕ ಶಿಕ್ಷಣ ಕಾಲೇಜುಗಳಲ್ಲಿ ಬಯೋಮೆಕ್ಯಾನಿಕ್ಸ್ ಕಲಿಸುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದು ಕೋರಿಕೆ. ಮೊದಲ ವಾರ ಯಾವ ಸಾಫ್ಟ್‌ವೇರನ್ನೂ ತೆರೆಯಬೇಡಿ. ಒಬ್ಬ ವಿದ್ಯಾರ್ಥಿಗೆ ಕಪ್ಪು ಪ್ಯಾಂಟು ತೊಡಿಸಿ ಸೊಂಟ, ಮಂಡಿ, ಪಾದದ ಗಂಟಿನ ಬಳಿ ಬಿಳಿ ಸ್ಟಿಕ್ಕರ್ ಅಂಟಿಸಿ. ಅವನು ನಡೆಯುವ ಗೆರೆಯಲ್ಲೇ ಒಂದು ಮೀಟರ್ ಕೋಲು ಇಟ್ಟು, ಮೊಬೈಲನ್ನು ಕುರ್ಚಿಯ ಮೇಲೆ ಅಲುಗದಂತೆ ನೇರ ಪಕ್ಕಕ್ಕೆ ಇಟ್ಟು ಸ್ಲೋ ಮೋಷನ್‌ನಲ್ಲಿ ಚಿತ್ರಿಸಿ. ಒಂದೇ ಒಂದು ಹೆಜ್ಜೆ ಸಾಕು. ಚಿತ್ರ ಚಿತ್ರಕ್ಕೂ ನಿಲ್ಲಿಸಿ, ಮೂರು ಚುಕ್ಕೆಗಳ ಜಾಗವನ್ನು ಗ್ರಾಫ್ ಹಾಳೆಗೆ ಇಳಿಸಲು ಹೇಳಿ, ಮಂಡಿಯ ಕೋನವನ್ನು ಕೋನಮಾಪಕದಿಂದ ಅಳೆಯಲು ಹೇಳಿ. ಮರುದಿನ ಸ್ಟಿಕ್ಕರನ್ನು ಕಿತ್ತು ಬೇರೊಬ್ಬರ ಕೈಯಿಂದ ಅಂಟಿಸಿ, ಅದೇ ವಿದ್ಯಾರ್ಥಿಯನ್ನು ಮತ್ತೆ ನಡೆಸಿ, ಎರಡು ಗ್ರಾಫುಗಳನ್ನು ಒಂದರ ಮೇಲೊಂದು ಇಟ್ಟು ನೋಡಲಿ. ವ್ಯತ್ಯಾಸ ಎಲ್ಲಿಂದ ಬಂತು ಎಂದು ತರಗತಿಯೇ ವಾದ ಮಾಡಲಿ. ಆ ವಾದ ಮುಗಿದ ಮೇಲೆ ಅವರನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ.